ಬೆರೆತ ಡಿ.ಎನ್.ಎ.ಯಲ್ಲಿ ಜೀವಿಗಳ ಗುರುತು: ಒಂದು ಗಣನವಿದ್ಯೆಯ ಇತಿಹಾಸ

೧

ಓಲೆಗರಿಯ ಕಟ್ಟುಗಳನ್ನು ಬಿಚ್ಚಿ ಗ್ರಂಥಸಂಪಾದನೆ ಮಾಡಿದವರಿಗೆ ಒಂದು ಕಷ್ಟ ಚೆನ್ನಾಗಿ ಪರಿಚಿತವಾದುದು. ಒಂದೇ ಕಟ್ಟಿನಲ್ಲಿ ಹಲವು ಕಾವ್ಯಗಳ ಗರಿಗಳು ಸೇರಿಹೋಗಿರುತ್ತವೆ. ಕೆಲವು ಮುರಿದಿರುತ್ತವೆ, ಕೆಲವನ್ನು ಹುಳು ತಿಂದಿರುತ್ತದೆ. ಆದಿಯೂ ಅಂತ್ಯವೂ ಇಲ್ಲದ ನಾಲ್ಕು ಸಾಲುಗಳನ್ನು ನೋಡಿ, ಇದು ಯಾವ ಕವಿಯ ಯಾವ ಕೃತಿಗೆ ಸೇರಿದ್ದು ಎಂಬುದನ್ನು ನಿರ್ಣಯಿಸಬೇಕಾಗುತ್ತದೆ. ಕಳೆದ ನಾಲ್ಕು ದಶಕಗಳಲ್ಲಿ ಜೀವವಿಜ್ಞಾನಿಗಳು ಎದುರಿಸಿದ ಕಷ್ಟವೂ ಸ್ವರೂಪದಲ್ಲಿ ಇದೇ ಆಗಿದೆ. ಒಂದು ಹಿಡಿ ಮಣ್ಣು, ಒಂದು ಬೊಗಸೆ ಸಮುದ್ರದ ನೀರು, ರೋಗಿಯ ಬೆನ್ನೆಲುಬಿನ ಸಂದಿನಿಂದ ತೆಗೆದ ಕೆಲವು ಹನಿ ದ್ರವ—ಇವುಗಳಲ್ಲಿ ಅನೇಕ ಜೀವಿಗಳ ಡಿ.ಎನ್.ಎ. ಬೆರೆತಿರುತ್ತದೆ. ಯಂತ್ರವು ಅದನ್ನು ಓದಿ ಕೊಡುವುದು ನೂರಿನ್ನೂರು ಅಕ್ಷರಗಳ ತುಣುಕುಗಳಾಗಿ. ಅವುಗಳ ಸಂಖ್ಯೆಯಾದರೋ ಲಕ್ಷ, ಕೋಟಿಗಳಲ್ಲಿ. ಪ್ರತಿಯೊಂದು ತುಣುಕೂ ಯಾವ ಜೀವಿಯದೆಂದು ಹೇಳುವ ಕೆಲಸ ಮನುಷ್ಯನ ಕಣ್ಣಿಗೂ ನೆನಪಿಗೂ ಮೀರಿದುದು. ಆದುದರಿಂದ ಅದು ಗಣಕಯಂತ್ರದ ಪಾಲಿಗೆ ಬಂದಿತು.

ಈ ಕಾರ್ಯಕ್ಕಾಗಿ ಹುಟ್ಟಿದ ತಂತ್ರಾಂಶಗಳ ಇತಿಹಾಸವನ್ನು ಸಾಮಾನ್ಯವಾಗಿ ವೇಗದ ಇತಿಹಾಸವೆಂದು ಹೇಳುವುದುಂಟು. ವೇಗ ಹೆಚ್ಚಿದುದು ನಿಜ. ಆದರೆ ಯಂತ್ರವು ಹೆಸರು ಹೇಳುವುದನ್ನು ಬಹುಬೇಗ ಕಲಿತಿತು. ಆಧಾರ ಸಾಲದ ಕಡೆ ಹೆಸರು ಹೇಳದೆ ನಿಲ್ಲುವುದನ್ನು ಕಲಿಯಲು ಹೆಚ್ಚು ಕಾಲ ಹಿಡಿಯಿತು. ಆ ಕಲಿಕೆ ತಡವಾದ ಕಡೆಗಳಲ್ಲಿ ನಗರಗಳು ಬೆದರಿದವು, ರೋಗಶಾಸ್ತ್ರದ ಒಂದು ದೊಡ್ಡ ಪ್ರತಿಪಾದನೆಯೇ ಕುಸಿಯಿತು. ಈ ದೃಷ್ಟಿಯಿಂದ ಆ ಇತಿಹಾಸವನ್ನು ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಸೂಕ್ಷ್ಮಜೀವಿಗಳನ್ನು ಅರಿಯುವ ಮಾರ್ಗವೆಂದರೆ ಅವುಗಳನ್ನು ಪ್ರಯೋಗಶಾಲೆಯ ತಟ್ಟೆಯಲ್ಲಿ ಬೆಳೆಸುವುದಾಗಿತ್ತು. ಆದರೆ ಒಂದೇ ಮಾದರಿಯನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿದಾಗ ಸಿಗುವ ಸಂಖ್ಯೆಗೂ ತಟ್ಟೆಯಲ್ಲಿ ಬೆಳೆದುದನ್ನು ಎಣಿಸಿದಾಗ ಸಿಗುವ ಸಂಖ್ಯೆಗೂ ಅಜಗಜಾಂತರವಿರುತ್ತಿತ್ತು. ಮಣ್ಣಿನ ಮಾದರಿಗಳಲ್ಲಿ ಅನೇಕ ವೇಳೆ ನೂರಕ್ಕೆ ಒಂದರಷ್ಟೂ ಬೆಳೆಯುತ್ತಿರಲಿಲ್ಲ. ೧೯೮೫ರಲ್ಲಿ ಜೇಮ್ಸ್ ಸ್ಟೇಲಿ ಮತ್ತು ಅಲನ್ ಕೊನೊಪ್ಕ ಇದನ್ನು ತಟ್ಟೆಯೆಣಿಕೆಯ ಮಹಾವೈಷಮ್ಯವೆಂಬ ಅರ್ಥದ ಹೆಸರಿನಿಂದ ಕರೆದರು. ಬೆಳೆಯದ ಜೀವಿಗೆ ಹೆಸರಿಲ್ಲ. ಹೆಸರಿಲ್ಲದುದನ್ನು ಶಾಸ್ತ್ರವು ಎಣಿಕೆಗೇ ತೆಗೆದುಕೊಂಡಿರಲಿಲ್ಲ.

ಬೆಳೆಸದೆಯೇ ಗುರುತಿಸುವ ದಾರಿಯನ್ನು ತೆರೆದವರು ಇಲಿನಾಯ್ ವಿಶ್ವವಿದ್ಯಾನಿಲಯದ ಕಾರ್ಲ್ ವೋಸ್. ಪ್ರತಿಯೊಂದು ಜೀವಕೋಶದಲ್ಲಿಯೂ ಪ್ರೋಟೀನುಗಳನ್ನು ಕಟ್ಟುವ ರೈಬೋಸೋಮ್ ಉಂಟು, ಅದರ ಆರ್.ಎನ್.ಎ. ಬಹು ನಿಧಾನವಾಗಿ ಮಾತ್ರ ಬದಲಾಗುತ್ತದೆ. ಆದಕಾರಣ ಅದು ಜೀವಿಗಳ ವಂಶಾವಳಿಯನ್ನು ಹೇಳಬಲ್ಲ ಶಾಸನದಂತಿದೆ. ೧೯೭೭ರಲ್ಲಿ ವೋಸ್ ಮತ್ತು ಜಾರ್ಜ್ ಫಾಕ್ಸ್ ಈ ಆಧಾರದ ಮೇಲೆ, ಬ್ಯಾಕ್ಟೀರಿಯಗಳಂತೆ ತೋರುವ ಕೆಲವು ಜೀವಿಗಳು ವಾಸ್ತವವಾಗಿ ಬೇರೆಯೇ ಒಂದು ಮಹಾಶಾಖೆಗೆ ಸೇರಿದವೆಂದು ತೋರಿಸಿದರು. ಇಂದು ಆರ್ಕಿಯ ಎಂದು ಹೆಸರಾದುದು ಈ ಶಾಖೆಯೇ. ಡಿ.ಎನ್.ಎ. ಅಕ್ಷರಗಳನ್ನು ಸುಲಭವಾಗಿ ಓದುವ ಫ್ರೆಡ್ರಿಕ್ ಸ್ಯಾಂಗರರ ವಿಧಾನ ಪ್ರಕಟವಾದುದೂ ಅದೇ ವರ್ಷ. ೧೯೮೦ರ ದಶಕದ ನಡುವಿನಲ್ಲಿ ನಾರ್ಮನ್ ಪೇಸ್ ಮತ್ತು ಅವರ ಸಂಗಡಿಗರು ಒಂದು ಹೆಜ್ಜೆ ಮುಂದೆ ಹೋಗಿ, ಜೀವಿಗಳನ್ನು ಬೆಳೆಸುವ ಗೊಡವೆಯಿಲ್ಲದೆ ನೀರಿನಿಂದಲೂ ಮಣ್ಣಿನಿಂದಲೂ ನೇರವಾಗಿ ಈ ಶಾಸನಗಳನ್ನು ತೆಗೆದು ಓದಬಹುದೆಂಬ ಕಾರ್ಯಕ್ರಮವನ್ನು ಮುಂದಿಟ್ಟರು.

ಇದರ ಮೊದಲ ಫಲಗಳಲ್ಲಿ ಒಂದು ೧೯೯೦ರಲ್ಲಿ ಬಂದಿತು. ಸ್ಟೀಫನ್ ಜಿಯೊವನೋನಿ ಮತ್ತು ಸಂಗಡಿಗರು ಅಟ್ಲಾಂಟಿಕದ ಸರ್ಗಾಸೊ ಸಮುದ್ರದ ನೀರಿನಲ್ಲಿ ಅದುವರೆಗೆ ಯಾರೂ ಬೆಳೆಸದ ಒಂದು ಬ್ಯಾಕ್ಟೀರಿಯ ಗುಂಪಿನ ಗುರುತನ್ನು ಕಂಡರು. ಅದಕ್ಕೆ ‘ಸಾರ್ ೧೧’ ಎಂಬ ಸಂಕೇತವೇ ಹೆಸರಾಯಿತು. ಸಮುದ್ರದಲ್ಲಿ ಅತ್ಯಂತ ಹೇರಳವಾಗಿರುವ ಜೀವಿಗಳಲ್ಲಿ ಅದೂ ಒಂದೆಂದು ಮುಂದೆ ತಿಳಿದುಬಂದಿತು. ಆದರೆ ಪ್ರಯೋಗಶಾಲೆಯಲ್ಲಿ ಅದನ್ನು ಬೆಳೆಸಲು ಸಾಧ್ಯವಾದುದು ೨೦೦೨ರಲ್ಲಿ. ೧೯೯೮ರಲ್ಲಿ ಜೋ ಹ್ಯಾಂಡಲ್ಸ್‌ಮನ್ ಮತ್ತು ಸಂಗಡಿಗರು, ಒಂದು ಮಣ್ಣಿನಲ್ಲಿರುವ ಎಲ್ಲ ಜೀವಿಗಳ ಡಿ.ಎನ್.ಎ.ಯನ್ನು ಒಟ್ಟಾಗಿ ಒಂದೇ ಜೀನೋಮಿನಂತೆ ಪರಿಗಣಿಸಿ ಅದನ್ನು ‘ಮೆಟಾಜೀನೋಮ್’ ಎಂದು ಕರೆದರು. ಹೊಸ ಔಷಧಿಗಳನ್ನು ಹುಡುಕುವುದು ಅವರ ಉದ್ದೇಶವಾಗಿತ್ತು. ಅವರಿಟ್ಟ ಹೆಸರು ಮಾತ್ರ ಇಡೀ ಶಾಸ್ತ್ರಕ್ಕೇ ನಿಂತಿತು.

೩

ತುಣುಕು ಯಾವ ಜೀವಿಯದೆಂದು ಹೇಳಬೇಕಾದರೆ ತಿಳಿದ ಜೀವಿಗಳ ಕೋಶವೊಂದು ಬೇಕು. ಅದರೊಡನೆ ಹೋಲಿಸುವ ವಿಧಾನವೂ ಬೇಕು. ಕೋಶದ ಕೆಲಸವನ್ನು ಮೊದಲು ಮಾಡಿದವರು ಮಾರ್ಗರೆಟ್ ಡೇಹಾಫ್. ೧೯೬೫ರಲ್ಲಿ ಅವರೂ ಅವರ ಸಂಗಡಿಗರೂ ಪ್ರಕಟಿಸಿದ ಪ್ರೋಟೀನುಗಳ ಸಂಗ್ರಹದಲ್ಲಿ ಇದ್ದುದು ೬೫ ಅನುಕ್ರಮಗಳು. ಡಿ.ಎನ್.ಎ. ಅನುಕ್ರಮಗಳಿಗಾಗಿ ಅಮೆರಿಕದಲ್ಲಿ ‘ಜೆನ್‌ಬ್ಯಾಂಕ್’ ಕೋಶ ಆರಂಭವಾದುದು ೧೯೮೨ರಲ್ಲಿ. ಹೋಲಿಕೆಯ ವಿಧಾನವನ್ನು ೧೯೭೦ರಲ್ಲಿ ನೀಡಲ್‌ಮನ್ ಮತ್ತು ವುನ್ಷ್, ೧೯೮೧ರಲ್ಲಿ ಸ್ಮಿತ್ ಮತ್ತು ವಾಟರ್‌ಮನ್ ರೂಪಿಸಿದರು. ಇವು ಎರಡು ಅನುಕ್ರಮಗಳನ್ನು ಅಕ್ಷರಕ್ಕೆ ಅಕ್ಷರ ಇಟ್ಟು, ಬಿಟ್ಟುಹೋದ ಮತ್ತು ಸೇರಿಕೊಂಡ ಅಕ್ಷರಗಳಿಗೂ ಲೆಕ್ಕವಿಟ್ಟು ತೂಗುವ ವಿಧಾನಗಳು. ನಿಷ್ಕೃಷ್ಟವಾದವು, ಆದರೆ ನಿಧಾನವಾದವು. ೧೯೯೦ರಲ್ಲಿ ಆಲ್ಟ್‌ಶುಲ್, ಗಿಷ್, ಮಿಲ್ಲರ್, ಮಯರ್ಸ್, ಲಿಪ್‌ಮನ್ ಎಂಬ ಐವರು ಪ್ರಕಟಿಸಿದ ‘ಬ್ಲಾಸ್ಟ್’ ಈ ಕಷ್ಟವನ್ನು ಕಳೆಯಿತು. ಮೊದಲು ಚಿಕ್ಕ ಹೊಂದಿಕೆಗಳನ್ನು ಹುಡುಕಿ, ಸಿಕ್ಕ ಕಡೆ ಮಾತ್ರ ಎರಡು ಪಕ್ಕಕ್ಕೂ ವಿಸ್ತರಿಸುವುದು ಅದರ ಉಪಾಯ.

ಬ್ಲಾಸ್ಟ್ ಕೊಡುತ್ತಿದ್ದುದು ಹೋಲಿಕೆಗಳ ಪಟ್ಟಿ. ಅದನ್ನು ಬಳಸಿದವರು ಪಟ್ಟಿಯ ಮೊದಲ ಹೆಸರನ್ನೇ ಉತ್ತರವೆಂದು ತಿಳಿಯತೊಡಗಿದರು. ಇದು ಯಂತ್ರದ ದೋಷವೆನ್ನುವುದಕ್ಕಿಂತ ಓದುಗರ ಅಭ್ಯಾಸವೆನ್ನಬೇಕು. ಎಲ್ಲರಿಗಿಂತ ಹೆಚ್ಚು ಹೋಲುವವನು ಸೋದರನೇ ಆಗಬೇಕೆಂಬ ನಿಯಮವಿಲ್ಲ. ನಿಜವಾದ ಸೋದರನು ಕೋಶದಲ್ಲಿ ಇಲ್ಲದಿದ್ದರೆ ದೂರದ ನಂಟನು ಮೊದಲ ಸ್ಥಾನದಲ್ಲಿ ಬಂದು ಕೂಡುತ್ತಾನೆ. ಬ್ಲಾಸ್ಟ್ ಮೊದಲು ತೋರಿಸುವ ಜೀವಿಯು ಅನೇಕ ವೇಳೆ ಅತ್ಯಂತ ಹತ್ತಿರದ ಬಂಧುವಾಗಿರುವುದಿಲ್ಲವೆಂದು ೨೦೦೧ರಲ್ಲಿ ಕೋಸ್ಕಿ ಮತ್ತು ಗೋಲ್ಡಿಂಗ್ ತೋರಿಸಿಕೊಟ್ಟರು.

ಅಷ್ಟರಲ್ಲಿ ದತ್ತಾಂಶದ ಪ್ರವಾಹವೇ ಬಂದಿತು. ೨೦೦೪ರಲ್ಲಿ ಕ್ರೇಗ್ ವೆಂಟರ್ ಮತ್ತು ಸಂಗಡಿಗರು ಅದೇ ಸರ್ಗಾಸೊ ಸಮುದ್ರದ ನೀರನ್ನು ಸೋಸಿ ೧೦೪ ಕೋಟಿಗೂ ಮೀರಿದ ಅಕ್ಷರಗಳನ್ನು ಓದಿದರು. ಕನಿಷ್ಠ ೧,೮೦೦ ಪ್ರಭೇದಗಳು ಅದರಲ್ಲಿವೆಯೆಂದೂ, ೧೨ ಲಕ್ಷ ಜೀನುಗಳು ಹೊಸವೆಂದೂ ಅವರು ಅಂದಾಜು ಮಾಡಿದರು. ೨೦೦೫ರಿಂದ ಬಂದ ಹೊಸ ಓದುಯಂತ್ರಗಳು ಇಂಥ ಕೆಲಸವನ್ನು ಅಗ್ಗವಾಗಿಸಿದವು. ಕೋಟಿಗಟ್ಟಲೆ ತುಣುಕುಗಳಿಗೆ ಪಟ್ಟಿಯ ಮೊದಲ ಹೆಸರನ್ನೇ ಅಂಟಿಸುತ್ತ ಹೋದರೆ ತಪ್ಪುಗಳೂ ಕೋಟಿಗಟ್ಟಲೆಯಾಗುವುದು ಸ್ಪಷ್ಟವಾಯಿತು.

೪

ಇದಕ್ಕೆ ೨೦೦೭ರಲ್ಲಿ ಎರಡು ಪರಿಹಾರಗಳು ಬಂದವು. ಮೊದಲನೆಯದು ಮಿಷಿಗನ್ ರಾಜ್ಯ ವಿಶ್ವವಿದ್ಯಾನಿಲಯದ ಆರ್.ಡಿ.ಪಿ. ವರ್ಗೀಕಾರಕ. ರೈಬೋಸೋಮಿನ ಶಾಸನವನ್ನು ಎಂಟೆಂಟು ಅಕ್ಷರಗಳ ಪದಗಳಾಗಿ ಒಡೆದು, ಬೇಯ್ಸ್‌ನ ಸಂಭವಸೂತ್ರದಿಂದ ಜಾತಿಯನ್ನು ಊಹಿಸುವ ಈ ತಂತ್ರಾಂಶವು ಪದಗಳನ್ನು ಆಯ್ದಾಯ್ದು ನೂರು ಸಲ ಮತ್ತೆ ಪರೀಕ್ಷಿಸುತ್ತದೆ. ಎಷ್ಟು ಸಲ ಒಂದೇ ಉತ್ತರ ಬಂದಿತೆಂಬುದನ್ನೂ ಹೇಳುತ್ತದೆ. ಉತ್ತರದ ಜೊತೆಗೆ ಅದರ ವಿಶ್ವಾಸದ ಪ್ರಮಾಣವನ್ನೂ ಮುಂದಿಡುವುದು ಇಲ್ಲಿಯ ವಿಶೇಷ.

ಎರಡನೆಯದು ಜರ್ಮನಿಯ ಟ್ಯೂಬಿಂಗೆನ್ನಿನ ಡೇನಿಯಲ್ ಹುಸೋನ್ ಮತ್ತು ಸಂಗಡಿಗರ ‘ಮೇಗನ್’. ಸೈಬೀರಿಯದ ಹಿಮದಲ್ಲಿ ಸಿಕ್ಕ ಒಂದು ಮ್ಯಾಮತ್ ಆನೆಯ ಎಲುಬಿನಿಂದ ೨೦೦೬ರಲ್ಲಿ ಓದಿದ ೨.೮ ಕೋಟಿ ಅಕ್ಷರಗಳಲ್ಲಿ ೧.೩ ಕೋಟಿ ಮಾತ್ರ ಮ್ಯಾಮತ್ತಿನದಾಗಿತ್ತು. ಉಳಿದುದು ಎಲುಬನ್ನು ಹೊಕ್ಕ ಬ್ಯಾಕ್ಟೀರಿಯ ಮೊದಲಾದವುಗಳದು. ಈ ಬೆರಕೆಯನ್ನು ಬಿಡಿಸುವ ಕೆಲಸದಲ್ಲಿ ಮೇಗನ್ ರೂಪುಗೊಂಡಿತು. ಅದರ ತತ್ತ್ವಕ್ಕೆ ಸಮೀಪತಮ ಸಮಾನ ಪೂರ್ವಜನ ನಿಯಮವೆನ್ನಬಹುದು.

ಓಲೆಗರಿಯ ದೃಷ್ಟಾಂತದಿಂದ ಇದು ಸುಲಭವಾಗಿ ತಿಳಿಯುತ್ತದೆ. ಮುರಿದ ಗರಿಯೊಂದರ ನುಡಿಗಟ್ಟು ಪಂಪಭಾರತದಲ್ಲಿ ಮಾತ್ರ ದೊರೆತರೆ ಗರಿ ಪಂಪನದೆಂದು ಹೇಳಬಹುದು. ಅದೇ ನುಡಿಗಟ್ಟು ರನ್ನನ ಗದಾಯುದ್ಧದಲ್ಲಿಯೂ ದೊರೆತರೆ, ಪಂಪನೆಂದೂ ಹೇಳುವಂತಿಲ್ಲ, ರನ್ನನೆಂದೂ ಹೇಳುವಂತಿಲ್ಲ. ಹತ್ತನೆಯ ಶತಮಾನದ ಚಂಪೂಕಾವ್ಯವೆಂದು ಹೇಳಿ ನಿಲ್ಲಬೇಕು. ಕುಮಾರವ್ಯಾಸನಲ್ಲಿಯೂ ಅದು ಕಂಡುಬಂದರೆ ಕನ್ನಡದ ಭಾರತಕಾವ್ಯವೆಂದಷ್ಟೇ ಹೇಳಲು ಸಾಧ್ಯ. ಮೇಗನ್ ಮಾಡುವುದು ಇದನ್ನೇ. ತುಣುಕು ಹಲವು ಪ್ರಭೇದಗಳಿಗೆ ಸಮವಾಗಿ ಹೊಂದಿದರೆ ಅದನ್ನು ಜಾತಿಗೆ, ಕುಟುಂಬಕ್ಕೆ, ಗಣಕ್ಕೆ, ಹೀಗೆ ಆ ಎಲ್ಲವನ್ನೂ ಒಳಗೊಳ್ಳುವ ಕೊಂಬೆಗೆ ಏರಿಸಿ ಅಲ್ಲಿ ನಿಲ್ಲಿಸುತ್ತದೆ.

ಈ ಎಚ್ಚರವನ್ನು ಇನ್ನಷ್ಟು ಬಿಗಿಗೊಳಿಸಿದ ಕಾರ್ಯ ಹೈದರಾಬಾದಿನಲ್ಲಿ ನಡೆಯಿತೆಂಬುದು ಗಮನಾರ್ಹ. ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಸಂಸ್ಥೆಯ ಸಂಶೋಧನ ವಿಭಾಗದಲ್ಲಿ ಶರ್ಮಿಳಾ ಮಾಂಡೆ ಮತ್ತು ಸಂಗಡಿಗರು ೨೦೦೯ರಲ್ಲಿ ‘ಸಾರ್ಟ್-ಐಟಮ್ಸ್’ ಎಂಬ ತಂತ್ರಾಂಶವನ್ನು ಪ್ರಕಟಿಸಿದರು. ಕೋಶದಲ್ಲಿ ಇಲ್ಲದ ಜೀವಿಯ ತುಣುಕು ಬಂದಾಗ ಮೇಗನ್ ಕೂಡ ಅದನ್ನು ಅತಿ ನಿರ್ದಿಷ್ಟವಾದ ಹೆಸರಿಗೆ ಸೇರಿಸಿಬಿಡುವ ಸಂಭವವುಂಟು. ಸಾರ್ಟ್-ಐಟಮ್ಸ್ ಮೊದಲು ಹೋಲಿಕೆಯ ಗುಣಮಟ್ಟವನ್ನೇ ಅಳೆದು, ಇಷ್ಟು ಹೋಲಿಕೆಯಿಂದ ಯಾವ ಹಂತದವರೆಗೆ ಹೆಸರು ಹೇಳಬಹುದೆಂದು ನಿರ್ಣಯಿಸುತ್ತದೆ. ಆಮೇಲೆ, ಹೋಲಿಸಿದ ಜೀವಿಯ ಕಡೆಯಿಂದಲೂ ತಿರುಗಿ ಹೋಲಿಸಿ, ಎರಡು ಪಕ್ಕದಿಂದಲೂ ನಿಲ್ಲುವ ನಂಟನ್ನು ಮಾತ್ರ ಒಪ್ಪುತ್ತದೆ. ಮಾಂಡೆ, ಮೊಹಮ್ಮದ್, ಘೋಷ್ ಎಂಬ ಮೂವರು ೨೦೧೨ರಲ್ಲಿ ಈ ಕ್ಷೇತ್ರದ ವಿಧಾನಗಳನ್ನೆಲ್ಲ ವಿಮರ್ಶಿಸಿ ಬರೆದ ಪ್ರಬಂಧವೂ ಇದೇ ಗುಂಪಿನದು.

೫

ಮೇಗನ್ ಮತ್ತು ಸಾರ್ಟ್-ಐಟಮ್ಸ್ ಬ್ಲಾಸ್ಟ್ ಅಥವಾ ಅಂಥ ಹೋಲಿಕೆಯನ್ನೇ ಆಧರಿಸಿದ್ದುದರಿಂದ ನಿಧಾನವಾಗಿದ್ದವು. ೨೦೧೨ರ ‘ಮೆಟಾಫ್ಲಾನ್’ ಪ್ರತಿಯೊಂದು ಗುಂಪಿಗೂ ವಿಶಿಷ್ಟವಾದ ಕೆಲವು ಜೀನುಗಳನ್ನು ಮಾತ್ರ ಕೋಶದಲ್ಲಿಟ್ಟುಕೊಂಡು ಈ ಕಷ್ಟವನ್ನು ತಗ್ಗಿಸಿತು. ದೊಡ್ಡ ತಿರುವು ಬಂದುದು ೨೦೧೪ರಲ್ಲಿ. ಡೆರಿಕ್ ವುಡ್ ಮತ್ತು ಸ್ಟೀವನ್ ಸಾಲ್ಜ್‌ಬರ್ಗ್ ಆ ವರ್ಷ ‘ಕ್ರಾಕೆನ್’ ಎಂಬ ತಂತ್ರಾಂಶವನ್ನು ಪ್ರಕಟಿಸಿದರು. ಇದು ನಾರ್ವೆಯ ಕಥೆಗಳಲ್ಲಿ ಬರುವ ಸಮುದ್ರರಾಕ್ಷಸನ ಹೆಸರು.

ಕ್ರಾಕೆನ್ ಹೋಲಿಕೆಯನ್ನೇ ಬಿಟ್ಟುಕೊಟ್ಟಿತು. ತಿಳಿದ ಜೀನೋಮುಗಳೆಲ್ಲವನ್ನೂ ೩೧ ಅಕ್ಷರಗಳ ಪದಗಳಾಗಿ ಮುಂಚಿತವಾಗಿಯೇ ಒಡೆದು, ಪ್ರತಿಯೊಂದು ಪದದ ಮುಂದೆಯೂ ಅದು ಕಂಡುಬರುವ ಜೀವಿಗಳ ಸಮಾನ ಪೂರ್ವಜನ ಹೆಸರನ್ನು ಬರೆದಿಟ್ಟ ಮಹಾಪದಸೂಚಿ ಅದು. ಹೊಸ ತುಣುಕು ಬಂದಾಗ ಅದರ ಪದಗಳನ್ನು ಸೂಚಿಯಲ್ಲಿ ನೋಡಿ, ಹೆಚ್ಚು ಪದಗಳು ಯಾವ ಕೊಂಬೆಯ ಕಡೆಗೆ ತೋರುತ್ತವೆಯೋ ಅಲ್ಲಿಗೆ ಸೇರಿಸುತ್ತದೆ. ನಾಲ್ಕು ಅಕ್ಷರಗಳ ಲಿಪಿಯಲ್ಲಿ ೩೧ ಅಕ್ಷರಗಳ ಪದಗಳು ಸುಮಾರು ೪೬ ಸಾವಿರ ಕೋಟಿ ಕೋಟಿಯಾಗುವುದರಿಂದ, ಸಂಬಂಧವಿಲ್ಲದ ಎರಡು ಜೀವಿಗಳಲ್ಲಿ ಒಂದೇ ಪದ ಆಕಸ್ಮಿಕವಾಗಿ ಬರುವ ಸಂಭವ ತೀರ ಕಡಿಮೆ. ನಿಮಿಷಕ್ಕೆ ೪೧ ಲಕ್ಷಕ್ಕೂ ಮೀರಿದ ತುಣುಕುಗಳನ್ನು ಅದು ವರ್ಗೀಕರಿಸಿತು. ಬ್ಲಾಸ್ಟಿನ ತೀವ್ರರೂಪವಾದ ಮೆಗಾಬ್ಲಾಸ್ಟಿಗಿಂತ ಇದು ೯೦೯ ಪಟ್ಟು ವೇಗ. ಆದರೆ ಪದಸೂಚಿಯನ್ನು ಇಡಲು ೭೦ ಗಿಗಾಬೈಟ್ ಸ್ಮೃತಿ ಬೇಕಾಗಿತ್ತು; ಅಂಥ ಯಂತ್ರವಿಲ್ಲದವರಿಗಾಗಿ ೪ ಗಿಗಾಬೈಟಿನ ಸಂಕ್ಷೇಪವನ್ನೂ ಕೊಟ್ಟರು. ೨೦೧೯ರ ‘ಕ್ರಾಕೆನ್ ೨’ ಸ್ಮೃತಿಯ ಬೇಡಿಕೆಯನ್ನು ನೂರಕ್ಕೆ ೮೫ರಷ್ಟು ಇಳಿಸಿ ವೇಗವನ್ನು ಐದು ಪಟ್ಟು ಮಾಡಿತು. ಈ ನಡುವೆ ಕ್ಲಾರ್ಕ್ (೨೦೧೫), ಸೆಂಟ್ರಿಫ್ಯೂಜ್ (೨೦೧೬), ಪ್ರೋಟೀನುಗಳ ಮಟ್ಟದಲ್ಲಿ ಹುಡುಕುವ ಕೈಜು (೨೦೧೬) ಮೊದಲಾದವು ಬಂದವು.

೬

ಈ ತಂತ್ರಾಂಶಗಳ ಬೆಲೆ ತಿಳಿದುದು ಪ್ರಯೋಗಶಾಲೆಯ ಹೊರಗೆ. ೨೦೧೪ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದು ಹದಿನಾಲ್ಕು ವರ್ಷದ ಬಾಲಕನೊಬ್ಬನ ವೃತ್ತಾಂತವನ್ನು ಪ್ರಕಟಿಸಿತು. ಹುಟ್ಟಿನಿಂದಲೇ ರೋಗನಿರೋಧಶಕ್ತಿ ಕುಂದಿದ್ದ ಅವನಿಗೆ ಮೆದುಳಿನ ಉರಿಯೂತ ತಗಲಿ, ಮೆದುಳಿನ ಚೂರನ್ನು ತೆಗೆದು ಪರೀಕ್ಷಿಸಿದರೂ ಕಾರಣ ತಿಳಿದಿರಲಿಲ್ಲ. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಸಾನ್‌ಫ್ರಾನ್ಸಿಸ್ಕೊ ಶಾಖೆಯಲ್ಲಿ ಅವನ ಮೆದುಳುಬಳ್ಳಿಯ ದ್ರವದ ಡಿ.ಎನ್.ಎ.ಯನ್ನು ಓದಿ ‘ಸರ್ಪಿ’ ಎಂಬ ತಂತ್ರಾಂಶಕ್ಕೆ ಒಪ್ಪಿಸಿದರು. ೩೦,೬೩,೭೮೪ ತುಣುಕುಗಳಲ್ಲಿ ೪೭೫ ಮಾತ್ರ ಲೆಪ್ಟೊಸ್ಪೈರ ಎಂಬ ಬ್ಯಾಕ್ಟೀರಿಯದವು. ಕರ್ನಾಟಕದ ಕರಾವಳಿಯಲ್ಲಿ ‘ಇಲಿಜ್ವರ’ವೆಂದು ಹೆಸರಾದ ರೋಗಕ್ಕೆ ಕಾರಣವಾದ ಜೀವಿ ಇದೇ. ರೂಢಿಯ ಪರೀಕ್ಷೆಗಳು ಆ ರೋಗವಿಲ್ಲವೆಂದಿದ್ದವು. ವೈದ್ಯರು ಪೆನಿಸಿಲಿನ್ ಕೊಟ್ಟರು, ಬಾಲಕ ಚೇತರಿಸಿಕೊಂಡನು.

ಮರುವರ್ಷ ಇದರ ಇನ್ನೊಂದು ಮುಖ ಕಂಡಿತು. ನ್ಯೂಯಾರ್ಕಿನ ನೆಲದಡಿಯ ರೈಲಿನ ೪೬೬ ನಿಲ್ದಾಣಗಳಲ್ಲಿ ಕಂಬಿ, ಬೆಂಚು, ಬಾಗಿಲುಗಳನ್ನು ಒರಸಿ ತೆಗೆದ ಮಾದರಿಗಳ ಅಧ್ಯಯನವು ೨೦೧೫ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಓದಿದ ಡಿ.ಎನ್.ಎ.ಯಲ್ಲಿ ಅರ್ಧಕ್ಕೆ ಸಮೀಪವಾದ ಪಾಲು ತಿಳಿದ ಯಾವ ಜೀವಿಗೂ ಹೊಂದಲಿಲ್ಲ. ಆ ಅಧ್ಯಯನದ ಹೆಚ್ಚು ಮಹತ್ವದ ಮಾತು ಪ್ರಾಯಶಃ ಇದೇ. ಆದರೆ ಪತ್ರಿಕೆಗಳು ಎತ್ತಿಕೊಂಡುದು ಪಟ್ಟಿಯಲ್ಲಿದ್ದ ಪ್ಲೇಗು ಮತ್ತು ಆಂಥ್ರಾಕ್ಸ್ ಎಂಬ ಎರಡು ಹೆಸರುಗಳನ್ನು. ೧೮೯೬ರ ಮುಂಬಯಿಯ, ೧೮೯೮ರ ಬೆಂಗಳೂರಿನ ಚರಿತ್ರೆಯನ್ನು ಬಲ್ಲವರಿಗೆ ಮೊದಲನೆಯ ಹೆಸರಿನ ಭಾರವನ್ನು ವಿವರಿಸಬೇಕಾಗಿಲ್ಲ. ನಗರದ ಆರೋಗ್ಯಾಧಿಕಾರಿಗಳೂ ಇತರ ವಿಜ್ಞಾನಿಗಳೂ ಆಕ್ಷೇಪಿಸಿದರು. ಅದೇ ವರ್ಷ ಲೇಖಕರು ತಿದ್ದುಪಡಿಯನ್ನು ಪ್ರಕಟಿಸಿ, ಆ ರೋಗಾಣುಗಳು ಇದ್ದುವೆನ್ನಲು ಸಾಕಷ್ಟು ಆಧಾರವಿಲ್ಲವೆಂದು ಒಪ್ಪಿದರು.

ಎರಡು ಸಂದರ್ಭಗಳಲ್ಲಿಯೂ ಸಿಕ್ಕ ಸುಳಿವು ಅಲ್ಪವಾದುದೇ. ಒಂದು ನಂಬಲರ್ಹವಾಗಿ ಇನ್ನೊಂದು ಆಗದಿರಲು ಕಾರಣವೇನು? ಮೆದುಳುಬಳ್ಳಿಯ ದ್ರವದಲ್ಲಿ ಸಹಜವಾಗಿ ಸೂಕ್ಷ್ಮಜೀವಿಗಳಿರುವುದಿಲ್ಲ. ಅಲ್ಲಿ ಲೆಪ್ಟೊಸ್ಪೈರವೆಂದು ತಪ್ಪು ತಿಳಿಯಬಹುದಾದ ನಿರಪಾಯ ಬಂಧುಗಳು ಇರುವ ಸಂಭವ ಕಡಿಮೆ. ರೈಲುನಿಲ್ದಾಣದ ಕಂಬಿಯ ಮೇಲಾದರೋ ಮಣ್ಣಿನ ನೂರಾರು ಬ್ಯಾಕ್ಟೀರಿಯಗಳಿವೆ. ಅವುಗಳಲ್ಲಿ ಆಂಥ್ರಾಕ್ಸಿನ ರೋಗಾಣುವಿಗೆ ತೀರ ಹತ್ತಿರದ ಬಂಧುವಾದ ಬೆಸಿಲಸ್ ಸೀರಿಯಸ್ ಎಲ್ಲೆಡೆಯೂ ಸಿಗುವಂಥದು. ಇವೆರಡರ ಜೀನೋಮಿನ ಬಹುಭಾಗ ಒಂದೇ. ಒಂದು ಜೀವಿ ನಿಜವಾಗಿ ಇದ್ದರೆ ಅದರ ಜೀನೋಮಿನ ಎಲ್ಲ ಭಾಗಗಳಿಂದಲೂ ತುಣುಕುಗಳು ಸಿಗಬೇಕು. ಒಂದೇ ಕಡೆ ರಾಶಿಬಿದ್ದರೆ ಸಂಶಯಪಡಬೇಕು. ೨೦೧೮ರಲ್ಲಿ ಪ್ರಕಟವಾದ ‘ಕ್ರಾಕೆನ್‌ಯೂನಿಕ್’ ಈ ವಿವೇಕವನ್ನು ಯಂತ್ರಕ್ಕೆ ಕಲಿಸಿತು: ಎಷ್ಟು ತುಣುಕುಗಳು ಹೊಂದಿದವೆಂಬುದರ ಜೊತೆಗೆ ಬೇರೆಬೇರೆ ಪದಗಳು ಎಷ್ಟು ಹೊಂದಿದವೆಂಬುದನ್ನೂ ಅದು ಎಣಿಸುತ್ತದೆ.

೭

ದೋಷವು ಕೋಶದಲ್ಲಿಯೇ ಇದ್ದರೆ ಇಷ್ಟು ಎಚ್ಚರವೂ ಸಾಲದು. ಗ್ರಂಥಸಂಪಾದಕರು ಪ್ರಕ್ಷಿಪ್ತವೆನ್ನುವುದು ಇಲ್ಲಿಯೂ ಉಂಟು. ಗೊನೊರಿಯ ರೋಗಾಣುವಿನದೆಂದು ಕೋಶಕ್ಕೆ ಸೇರಿಸಿದ್ದ ಒಂದು ಜೀನೋಮಿನಲ್ಲಿ ಹಸು ಮತ್ತು ಕುರಿಯ ಡಿ.ಎನ್.ಎ. ಸೇರಿಕೊಂಡಿದ್ದುದನ್ನು ಸಾಲ್ಜ್‌ಬರ್ಗ್ ಮತ್ತು ಸಂಗಡಿಗರು ೨೦೧೪ರಲ್ಲಿ ತೋರಿಸಿದರು. ಅದೇ ಕೋಶವನ್ನು ನಂಬಿ ಹುಡುಕುವವನಿಗೆ ಹಸುವಿನ ಮಾದರಿಯಲ್ಲಿ ಗೊನೊರಿಯ ಕಂಡರೆ ಆಶ್ಚರ್ಯವಿಲ್ಲ. ಜೆನ್‌ಬ್ಯಾಂಕಿನಲ್ಲಿ ಹೀಗೆ ಬೆರಕೆಯಾದ ೨೦ ಲಕ್ಷಕ್ಕೂ ಹೆಚ್ಚು ನಮೂದುಗಳಿವೆಯೆಂದು ೨೦೨೦ರಲ್ಲಿ ಸ್ಟೈನೆಗರ್ ಮತ್ತು ಸಾಲ್ಜ್‌ಬರ್ಗ್ ವರದಿ ಮಾಡಿದರು.

ಇದರ ಪರಿಣಾಮ ಎಷ್ಟು ದೂರ ಹೋಗಬಹುದೆಂಬುದಕ್ಕೆ ಒಂದು ನಿದರ್ಶನ ಸಾಕು. ೨೦೨೦ರಲ್ಲಿ ‘ನೇಚರ್’ ಪತ್ರಿಕೆಯ ಪ್ರಬಂಧವೊಂದು ೩೩ ಬಗೆಯ ಕ್ಯಾನ್ಸರುಗಳ ಮಾದರಿಗಳನ್ನು ಪರೀಕ್ಷಿಸಿ, ಗಡ್ಡೆಗಳಲ್ಲಿಯೂ ರಕ್ತದಲ್ಲಿಯೂ ಸಿಗುವ ಸೂಕ್ಷ್ಮಜೀವಿಗಳ ಡಿ.ಎನ್.ಎ.ಯಿಂದ ಕ್ಯಾನ್ಸರಿನ ಬಗೆಯನ್ನು ಹೇಳಬಹುದೆಂದು ಪ್ರತಿಪಾದಿಸಿತು. ರಕ್ತಪರೀಕ್ಷೆಯೊಂದರಿಂದಲೇ ರೋಗವನ್ನು ಕಂಡುಹಿಡಿಯುವ ಆಸೆ ಇದರಿಂದ ಹುಟ್ಟಿತು. ೨೦೨೩ರಲ್ಲಿ ಅದೇ ದತ್ತಾಂಶವನ್ನು ಮತ್ತೆ ಪರೀಕ್ಷಿಸಿದವರು, ಬ್ಯಾಕ್ಟೀರಿಯಗಳದೆಂದು ಎಣಿಸಿದ ತುಣುಕುಗಳಲ್ಲಿ ಬಹುಪಾಲು ಮನುಷ್ಯನವೇ ಎಂದು ತೋರಿಸಿದರು. ಕೋಶದ ಅಪೂರ್ಣ ಬ್ಯಾಕ್ಟೀರಿಯ ಜೀನೋಮುಗಳಲ್ಲಿ ಮನುಷ್ಯನ ಡಿ.ಎನ್.ಎ. ಬೆರೆತಿದ್ದುದರಿಂದ ರೋಗಿಯ ತುಣುಕುಗಳು ಅವುಗಳಿಗೆ ಹೊಂದಿಬಿಟ್ಟಿದ್ದವು. ಅಂಕಿಗಳನ್ನು ಸಮಗೊಳಿಸಿದ ಕ್ರಮವು ಇಲ್ಲದ ವ್ಯತ್ಯಾಸಗಳನ್ನು ಇದ್ದಂತೆ ಕಾಣಿಸಿತ್ತು. ಮೂಲ ಪ್ರಬಂಧದಲ್ಲಿ ಬಳಸಿದುದು ಕ್ರಾಕೆನ್. ವಿಮರ್ಶಕರಲ್ಲಿ ಒಬ್ಬರು ಕ್ರಾಕೆನ್ನಿನ ಕರ್ತೃವಾದ ಸಾಲ್ಜ್‌ಬರ್ಗರೇ. ೨೦೨೪ರ ಜೂನ್‌ನಲ್ಲಿ ಪ್ರಬಂಧವನ್ನು ಹಿಂದೆಗೆದುಕೊಳ್ಳಲಾಯಿತು.

ಇದಕ್ಕೆ ಪ್ರತಿಯಾಗಿ, ಹೆಸರಿಲ್ಲದುದನ್ನು ಹೆಸರಿಲ್ಲದ್ದೆಂದೇ ಕಂಡುದರ ಬೆಲೆಗೂ ಒಂದು ನಿದರ್ಶನವುಂಟು. ೨೦೧೯ರ ಡಿಸೆಂಬರ್ ಕೊನೆಯಲ್ಲಿ ವೂಹಾನಿನ ಆಸ್ಪತ್ರೆಗೆ ಸೇರಿದ ರೋಗಿಯೊಬ್ಬನ ಶ್ವಾಸಕೋಶದ ದ್ರವದಿಂದ ಚೀನದ ವಿಜ್ಞಾನಿಗಳು ೫ ಕೋಟಿ ೬೫ ಲಕ್ಷಕ್ಕೂ ಹೆಚ್ಚು ತುಣುಕುಗಳನ್ನು ಓದಿ, ಅವನ್ನು ಕೋದು ನೋಡಿದರು. ಅತ್ಯಂತ ಉದ್ದವಾದ ಅನುಕ್ರಮವು ಬಾವಲಿಯ ಒಂದು ಕರೋನ ವೈರಸ್ಸಿಗೆ ನೂರಕ್ಕೆ ೮೯.೧ರಷ್ಟು ಹೊಂದಿತು. ಪಟ್ಟಿಯ ಮೊದಲ ಹೆಸರನ್ನೇ ಉತ್ತರವೆಂದು ಅವರು ತಿಳಿಯಲಿಲ್ಲ. ಆ ಬಂಧುವಿಗೆ ಸಮೀಪವಾದ, ಆದರೆ ಹೊಸದಾದ ವೈರಸ್ ಎಂದು ನಿರ್ಣಯಿಸಿದರು. ೨೦೨೦ರ ಜನವರಿ ೧೧ರಂದು ಅದರ ಜೀನೋಮ್ ಲೋಕಕ್ಕೆ ಲಭ್ಯವಾಯಿತು. ಪರೀಕ್ಷೆಗಳೂ ಲಸಿಕೆಗಳೂ ಅಲ್ಲಿಂದ ಮುಂದಿನ ಮಾತು.

೮

ಕೋಶ ಬೆಳೆದಂತೆ ಈ ಕಷ್ಟಗಳೆಲ್ಲ ತಾವಾಗಿಯೇ ತೀರುವುವೆಂದು ಭಾವಿಸುವುದು ಸಹಜ. ೨೦೧೮ರಲ್ಲಿ ನಾಸ್ಕೊ ಮತ್ತು ಸಂಗಡಿಗರು ಕೋಶದ ಹಳೆಯ ಮತ್ತು ಹೊಸ ಆವೃತ್ತಿಗಳನ್ನು ಹೋಲಿಸಿ ನೋಡಿದಾಗ ಬೇರೆ ಸಂಗತಿ ತಿಳಿಯಿತು. ಕೋಶ ದೊಡ್ಡದಾದಂತೆ ಹೆಚ್ಚು ತುಣುಕುಗಳಿಗೆ ಜಾತಿಯ ಹೆಸರು ಸಿಗುತ್ತದೆ. ಪ್ರಭೇದದ ಹೆಸರು ಮಾತ್ರ ಕಡಿಮೆ ತುಣುಕುಗಳಿಗೆ ಸಿಗುತ್ತದೆ. ಕಾರಣ ಓಲೆಗರಿಯ ದೃಷ್ಟಾಂತದಲ್ಲಿಯೇ ಇದೆ. ಪಂಪನೊಬ್ಬನೇ ತಿಳಿದಿದ್ದ ಕಾಲದಲ್ಲಿ ಅವನದೆಂದು ತೋರಿದ ನುಡಿಗಟ್ಟು, ಇತರ ಕವಿಗಳ ಕಾವ್ಯಗಳು ಅಚ್ಚಾದ ಮೇಲೆ ಹಲವರ ಸಮಾನಸ್ವತ್ತಾಗುತ್ತದೆ. ಹಿಂದಿನ ಖಚಿತತೆಯಲ್ಲಿ ಒಂದು ಪಾಲು ಕೋಶದ ಬಡತನದಿಂದ ಬಂದುದಾಗಿತ್ತು.

ಕೋಶದಲ್ಲಿ ಇಂದಿಗೂ ಮನುಷ್ಯನಿಗೆ ರೋಗ ತರುವ ಜೀವಿಗಳೂ ಪ್ರಯೋಗಶಾಲೆಯಲ್ಲಿ ಬೆಳೆಯುವ ಜೀವಿಗಳೂ ಮಿತಿಮೀರಿ ತುಂಬಿವೆ. ಮಣ್ಣಿನ ಜೀವಿಗಳು ಅವುಗಳ ನಿಜವಾದ ವೈವಿಧ್ಯಕ್ಕೆ ಹೋಲಿಸಿದರೆ ತೀರ ವಿರಳ. ಪಶ್ಚಿಮಘಟ್ಟದ ಒಂದು ಹಿಡಿ ಮಣ್ಣನ್ನು ಓದಿಸಿದರೆ ಯಂತ್ರವು ಕೊಡುವ ಹೆಸರುಗಳನ್ನು ಈ ಅಸಮತೆಯನ್ನು ನೆನಪಿನಲ್ಲಿಟ್ಟುಕೊಂಡೇ ನೋಡಬೇಕಾಗುತ್ತದೆ. ಹೆಸರಿಸುವ ಯಂತ್ರಗಳು ಇನ್ನಷ್ಟು ಚುರುಕಾಗಬಹುದು. ಆ ಮಣ್ಣಿನ ಜೀವಿಗಳನ್ನು ಬೆಳೆಸಿ, ಓದಿ, ಬೆರಕೆಯಿಲ್ಲದಂತೆ ಕೋಶಕ್ಕೆ ಸೇರಿಸುವ ನಿಧಾನವಾದ ಕೆಲಸವನ್ನು ಅವು ಮಾಡಲಾರವು.

ಕ್ರಾಕೆನ್ ತನ್ನ ಫಲಿತಾಂಶದಲ್ಲಿ ಪ್ರತಿಯೊಂದು ತುಣುಕಿನ ಮುಂದೆಯೂ ಮೊದಲು ಒಂದೇ ಒಂದು ಅಕ್ಷರವನ್ನು ಬರೆಯುತ್ತದೆ: ವರ್ಗೀಕರಿಸಿದುದಕ್ಕೆ ಒಂದು, ವರ್ಗೀಕರಿಸಲಾಗದುದಕ್ಕೆ ಇನ್ನೊಂದು. ಸಾರಾಂಶದ ಪಟ್ಟಿಯಲ್ಲಿಯೂ ಗುರುತು ಸಿಗದ ಪಾಲಿನ ಲೆಕ್ಕವೇ ಮೊದಲ ಸಾಲು. ಇಂಥ ಅಧ್ಯಯನಗಳನ್ನು ಓದುವವರು ಹೆಸರುಗಳ ಕಡೆಗೆ ಕಣ್ಣು ಹಾಯಿಸುವ ಮುನ್ನ ಆ ಸಾಲನ್ನು ನೋಡುವುದು ಒಳ್ಳೆಯದು.